ಗೆಳೆಯನಿಗೊಂದು ಪತ್ರ: ಲೈನ್‌ಮನೆಯವರ ಪಕ್ಷ ಯಾವುದು?

ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. "2023ರಲ್ಲಿ ಕೊಡಗಿನ ಎರಡೂ ಸೀಟು ಬಿಜೆಪಿ ಕೈ ತಪ್ಪಿತಲ್ಲ, ಇನ್ನೂ ಯಾಕೆ ನಿನಗೆ ಸಮಾಧಾನ ಇಲ್ಲ?" ಅಂತ ಕೇಳಿದ್ದೀಯ. ತೋಟದ ಕೂಲಿಯವರು ಇರುವ ಸಾಲುಮನೆ, ಅಂದರೆ ಲೈನ್‌ಮನೆಯವರ ವಿಷಯ ಇದು, ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಮ್ಮ ಹಾಗೆ ಯೋಚಿಸುವ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ಬೇಜಾರಿಲ್ಲ ತಾನೆ?

ಆವತ್ತು ನನಗೂ ಖುಷಿಯಾಗಿತ್ತು ಮಾರಾಯ. ಮಡಿಕೇರಿ, ವಿರಾಜಪೇಟೆ ಎರಡೂ 2008ರಿಂದ ಬಿಜೆಪಿ ಹತ್ತಿರವೇ ಇದ್ದವು. ಅಷ್ಟು ವರ್ಷ ಚುನಾವಣೆ ಬಂದಾಗಲೆಲ್ಲ ಇಲ್ಲಿ ಒಂದೇ ರಾಗ. ಪಕ್ಕದ ಮನೆಯವನನ್ನು ಸಂಶಯದಿಂದ ನೋಡು, ಅವನ ಅಂಗಡಿಗೆ ಹೋಗಬೇಡ, ಅವನ ಹಬ್ಬಕ್ಕೆ ಹೋಗಬೇಡ. ಸುಂಟಿಕೊಪ್ಪ, ಸಿದ್ದಾಪುರದಂಥ ಪೇಟೆಗಳಲ್ಲಿ ಕೊಡವರು, ಗೌಡರು, ಮಲಯಾಳಿಗಳು, ತಮಿಳರು, ಬ್ಯಾರಿಗಳು, ಆದಿವಾಸಿ ಯರವರು ಒಂದೇ ಸಂತೆಯಲ್ಲಿ ಮೀನು ಕೊಂಡು ಬದುಕಿದ ಜನ. ಅಂಥ ಕಡೆ ಈ ವಿಷ ಹಾಕಿದ್ದನ್ನು ನಾನು ಮರೆಯುವುದಿಲ್ಲ. ಗೋಹತ್ಯೆ ಕಾನೂನು, ಹಿಜಾಬ್ ಗಲಾಟೆ, ಗುತ್ತಿಗೆದಾರರ ಸಂಘದವರೇ ಬೀದಿಗೆ ಬಂದು ಹೇಳಿದ ನಲವತ್ತು ಪರ್ಸೆಂಟ್ ಕಮಿಷನ್. ಅವರ ಬಗ್ಗೆ ನನಗೂ ನಿನಗೂ ಬೇರೆ ಅಭಿಪ್ರಾಯ ಇಲ್ಲ. ಅದನ್ನು ಇಲ್ಲಿಗೇ ಬಿಡೋಣ.

ನನ್ನ ಹೊಟ್ಟೆ ಉರಿಯುವುದು ಬೇರೆ ಕಡೆ. ಬಿಜೆಪಿ, ಕಾಂಗ್ರೆಸ್ ಇಬ್ಬರೂ ಯಾವುದಕ್ಕೆ ಕಿತ್ತಾಡುತ್ತಾರೆ, ಯಾವುದಕ್ಕೆ ಒಂದಾಗುತ್ತಾರೆ ಅಂತ ನೋಡು. ಟಿಪ್ಪುಗೆ ಕಿತ್ತಾಟ. ಸಾವರ್ಕರ್‌ಗೆ ಕಿತ್ತಾಟ. 2015ರಲ್ಲಿ ಸರ್ಕಾರಿ ಟಿಪ್ಪು ಜಯಂತಿ ಶುರುವಾಗಿ ಮಡಿಕೇರಿಯಲ್ಲಿ ಗಲಭೆಯಾಯಿತು, ಜೀವಗಳು ಹೋದವು. 2019ರಲ್ಲಿ ಬಿಜೆಪಿ ಬಂದು ಅದನ್ನು ರದ್ದು ಮಾಡಿತು. 2023ರಲ್ಲಿ ಕಾಂಗ್ರೆಸ್ ಮತ್ತೆ ಬಂತು, ಆದರೆ ಆ ಸರ್ಕಾರಿ ಜಯಂತಿಯನ್ನು ಮತ್ತೆ ಶುರು ಮಾಡಲಿಲ್ಲ. ಹಾಗಾದರೆ ಸತ್ತವರು ಸತ್ತಿದ್ದು ಯಾತಕ್ಕೆ? 2022ರ ಆಗಸ್ಟ್ ನೆನಪಿದೆಯಲ್ಲ. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಮಳೆ ಹಾನಿ ನೋಡಲು ಬಂದಿದ್ದರು. ಅವರ ಕಾರಿಗೆ ಮೊಟ್ಟೆ ಬಿತ್ತು. ಆಮೇಲೆ ಒಂದು ವಾರ ಇಡೀ ರಾಜ್ಯ ಮಾತಾಡಿದ್ದು ಮೊಟ್ಟೆ ಬಗ್ಗೆ. ಕಾಂಗ್ರೆಸ್ಸಿನವರು ಮಡಿಕೇರಿ ಚಲೋ ಅಂದರು, ಬಿಜೆಪಿಯವರು ಜನಜಾಗೃತಿ ಅಂದರು, ಜಿಲ್ಲೆಗೆ ನಿಷೇಧಾಜ್ಞೆ ಬಂತು. ಮಣ್ಣಿನ ಬರೆ ಜರಿದು ಬಿದ್ದ ಮನೆಗಳು, ಕೊಳೆತ ಕಾಫಿ, ಹೋದ ರಸ್ತೆ, ಆ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ.

ಭೂಮಿ ವಿಷಯಕ್ಕೆ ಬಂದಾಗ ಮಾತ್ರ ಇಬ್ಬರ ನಡುವೆ ಜಗಳವೇ ಇಲ್ಲ. ನಾನು ನಿನಗೆ ಹೇಳಬೇಕು ಅಂತ ಇದ್ದದ್ದು ಇದೊಂದೇ.

ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ ಅದೇ ಜಾಗವನ್ನು ಗುತ್ತಿಗೆಗೆ ಕೊಡುವ ಕಾನೂನು ಗೊತ್ತಲ್ಲ? ಒಬ್ಬರಿಗೆ 25 ಎಕರೆವರೆಗೆ, 30 ವರ್ಷಕ್ಕೆ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಬೇಡಿಕೆ ಅದು. ಕಾನೂನು ತಿದ್ದಿದ್ದು 2022ರಲ್ಲಿ ಬಿಜೆಪಿ ಸರ್ಕಾರ. ನಾವು ವೋಟು ಹಾಕಿದ ಕಾಂಗ್ರೆಸ್ಸಿನವರು ಬಂದ ಮೇಲೆ ಅದನ್ನು ವಾಪಸ್ ತೆಗೆಯುತ್ತಾರೆ, ಕನಿಷ್ಠ ಎಕರೆಯನ್ನಾದರೂ ಕಡಿಮೆ ಮಾಡುತ್ತಾರೆ ಅಂತ ಕಾದೆವು. ಅವರು ಅದನ್ನೇ ಮುಂದುವರಿಸಿ ಅರ್ಜಿ ಕರೆದರು. ದಲಿತ, ಆದಿವಾಸಿ ಸಂಘಟನೆಗಳು ಜಿಲ್ಲಾಡಳಿತದ ಮುಂದೆ ಕೂತು ಕೂಗಿದರು. ಎರಡು ಪಕ್ಷದವರೂ ಅತ್ತ ತಲೆ ಹಾಕಲಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮೂರು ಎಕರೆ ತೋಟದ ಪಕ್ಕ ಒಂದು ಎಕರೆ ಪೈಸಾರಿಗೆ, ಅಂದರೆ ಸರ್ಕಾರಿ ಜಾಗಕ್ಕೆ, ಕಾಫಿ ಗಿಡ ನೆಟ್ಟ ಸಣ್ಣ ಬೆಳೆಗಾರನ ಮೇಲೆ ನನಗೆ ಕೋಪ ಇಲ್ಲ. ಅವನಿಗೆ ಆನೆ ಕಾಟ, ಮಳೆ ಕಾಟ, ಕೆಲಸಕ್ಕೆ ಜನ ಸಿಗದ ಕಾಟ. ಅವನಿಗೊಂದು ದಾರಿ ಮಾಡಿಕೊಡಲಿ. ಆದರೆ 25 ಎಕರೆ ಒತ್ತುವರಿ ಮಾಡುವ ತಾಕತ್ತು ಯಾರಿಗಿರುತ್ತದೆ ಹೇಳು? ಬಡವನಿಗಂತೂ ಅಲ್ಲ. ಅದೂ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಕಾಲದಲ್ಲಿ.

ಈಗ ಬೇಲಿಯ ಆಚೆ ಕಡೆ ನೋಡು. ಹೋದ ವರ್ಷ ನಮ್ಮ ಕಡೆಯ ಒಂದು ತೋಟದ ಲೈನ್‌ಮನೆಗೆ ಹೋಗಿದ್ದೆ. ಯರವರ ಹೆಂಗಸೊಬ್ಬರು ಅರ್ಜಿ ಬರೆಸಿಕೊಳ್ಳಲು ಕರೆದಿದ್ದರು. ಸಾಲಾಗಿ ಎಂಟು ಮನೆ, ಒಂದೊಂದಕ್ಕೆ ಒಂದೇ ಕೋಣೆ. ಈಚೆ ಮನೆಯ ಗೋಡೆಯೇ ಆಚೆ ಮನೆಯ ಗೋಡೆ. ಮೂಲೆಯಲ್ಲಿ ಸೌದೆ ಒಲೆ, ಅದರ ಮೇಲೆ ಅಟ್ಟ ಕಟ್ಟಿ ಮಳೆಗಾಲದ ಸೌದೆ ಒಣಗಲು ಇಟ್ಟಿದ್ದರು. ಶೀಟು ಹೊಗೆ ಹಿಡಿದು ಕಪ್ಪಾಗಿತ್ತು. ಅವರ ಅಮ್ಮನೂ ಅದೇ ತೋಟದಲ್ಲಿ ಕೆಲಸ ಮಾಡಿ ಅಲ್ಲೇ ತೀರಿಕೊಂಡವರು. ಗಂಡನಿಗೆ ಸೊಂಟ ಹೋಗಿದೆ, ಮರ ಹತ್ತಲು ಆಗುವುದಿಲ್ಲ. "ಒಬ್ಬರೇ ಕೆಲಸಕ್ಕೆ ಬರುವುದಾದರೆ ಮನೆ ಖಾಲಿ ಮಾಡಿ, ಅಸ್ಸಾಮಿನವರಿಗೆ ಬೇಕು" ಅಂತ ತೋಟದ ಲೆಕ್ಕ ನೋಡುವ ರೈಟರ್ ಹೇಳಿದ್ದಾರೆ. ಆಧಾರ್ ಕಾರ್ಡಿನಲ್ಲಿ ವಿಳಾಸ ಅಂತ ಇರುವುದು ತೋಟದ ಹೆಸರು. ತೋಟ ಬಿಟ್ಟರೆ ವಿಳಾಸವೂ ಹೋಯಿತು.

ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರ ಸಿಗುತ್ತದೆ. ಇವರಿಗೆ ಅದೂ ಇಲ್ಲ. ಮನೆ ಸಾಹುಕಾರರದ್ದು, ಜಾಗ ಸಾಹುಕಾರರದ್ದು. ಎರಡು ತಲೆಮಾರು ಬೆವರು ಸುರಿಸಿದರೂ ಕೇಳಲು ಹಕ್ಕಿಲ್ಲ. ನಿವೇಶನಕ್ಕೆ ಅರ್ಜಿ ಕೊಟ್ಟರೆ "ನಮ್ಮ ವ್ಯಾಪ್ತಿಯಲ್ಲಿ ಸರ್ಕಾರಿ ಜಾಗ ಲಭ್ಯವಿಲ್ಲ" ಅಂತ ಉತ್ತರ ಬಂದಿತ್ತು. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದರು. ಅವರ ಜಗಲಿಯಲ್ಲಿ ನಿಂತರೆ ಎದುರಿಗೆ ಕಾಣುವುದೇ ಪೈಸಾರಿ. ಪೂರ್ತಿ ರೋಬಸ್ಟಾ, ಮರಕ್ಕೆಲ್ಲ ಕಾಳುಮೆಣಸಿನ ಬಳ್ಳಿ. ಅದು ಗುತ್ತಿಗೆಗೆ ಕೊಡಲು ಲಭ್ಯವಿದೆ, ಮೂರು ಸೆಂಟ್ ಮನೆ ಜಾಗಕ್ಕೆ ಲಭ್ಯವಿಲ್ಲ! ಎಷ್ಟೋ ಕಡೆ ಸತ್ತವರನ್ನು ಹೂಳಲೂ ಜಾಗ ಇಲ್ಲ. ತೋಟದವರನ್ನು ಕೇಳಿ ಹೂಳಬೇಕು.

ದಿಡ್ಡಳ್ಳಿ ನೆನಪಾಗುವುದಿಲ್ಲವಾ ನಿನಗೆ? 2016ರ ಡಿಸೆಂಬರ್. ಲೈನ್‌ಮನೆಯ ಜೀತದಿಂದ ಬಿಡಿಸಿಕೊಂಡು ಬಂದು ಕಾಡಂಚಿನಲ್ಲಿ ಗುಡಿಸಲು ಹಾಕಿದ್ದ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಎಬ್ಬಿಸಿದ್ದು ಬಿಜೆಪಿ ಸರ್ಕಾರ ಅಲ್ಲ. ಅಹಿಂದ ಅನ್ನುವ ಹೆಸರಿನಲ್ಲೇ ಗೆದ್ದು ಬಂದ ಸಿದ್ದರಾಮಯ್ಯ ಸರ್ಕಾರ. ಆ ಚಳಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮರದ ಕೆಳಗೆ ಕೂತ ಹೆಂಗಸರು ಹಟ ಬಿಡಲಿಲ್ಲ. ರಾಜ್ಯದ ಮೂಲೆ ಮೂಲೆಯಿಂದ ಜನ ಬಂದರು. ಕೊನೆಗೆ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. ಹೋರಾಡಿದ್ದಕ್ಕೆ ಸಿಕ್ಕಿತು, ಪಕ್ಷ ಕೊಟ್ಟಿದ್ದಲ್ಲ. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲಿಗೆ, ತಮ್ಮ ಹಿರಿಯರ ಊರಾದ ಹಾಡಿಗೆ ವಾಪಸ್ ಹೋದಾಗ ಏನಾಯಿತು? ಮತ್ತೆ ಅರಣ್ಯ ಇಲಾಖೆ, ಮತ್ತೆ ಪೊಲೀಸ್. ಅರಣ್ಯ ಹಕ್ಕು ಕಾಯ್ದೆ ಬಂದಿದ್ದು 2006ರಲ್ಲಿ, ಅದೂ ಕಾಂಗ್ರೆಸ್ ನೇತೃತ್ವದ ಕೇಂದ್ರ ಸರ್ಕಾರದ ಕಾಲದಲ್ಲಿ. ತಮ್ಮದೇ ಕಾನೂನನ್ನು ತಾವೇ ಜಾರಿ ಮಾಡಲು ಇವರಿಗೆ ಏನು ಕಷ್ಟ?

ದಿಡ್ಡಳ್ಳಿ ಅಂದರೆ ಎ.ಕೆ. ಸುಬ್ಬಯ್ಯ ನೆನಪಾಗುತ್ತಾರೆ. ಕರ್ನಾಟಕ ಬಿಜೆಪಿಯ ಮೊದಲ ಅಧ್ಯಕ್ಷರು ನಮ್ಮ ಕೊಡಗಿನವರೇ, ಆಮೇಲೆ ಆ ಪಕ್ಷವನ್ನು ಅವರಷ್ಟು ಕಟುವಾಗಿ ಟೀಕಿಸಿದವರು ಇನ್ನೊಬ್ಬರಿಲ್ಲ. ವಯಸ್ಸಾಗಿ ಕಾಲು ಸೋತಿದ್ದರೂ ದಿಡ್ಡಳ್ಳಿಯ ಜನರ ಪರ ನಿಂತರು. ಕಾಂಗ್ರೆಸ್ಸನ್ನೂ ಬಿಡಲಿಲ್ಲ. 2019ರಲ್ಲಿ ಅವರು ಹೋದ ಮೇಲೆ ಆ ಜಾಗ ಖಾಲಿಯಾಗಿಯೇ ಇದೆ. ಅವರ ಮಗ ಎ.ಎಸ್. ಪೊನ್ನಣ್ಣ ಈಗ ವಿರಾಜಪೇಟೆಯ ಶಾಸಕರು, ಕಾನೂನು ಬಲ್ಲವರು. ಅದಕ್ಕೇ ಅವರಿಂದ ನಾನು ಜಾಸ್ತಿ ನಿರೀಕ್ಷೆ ಮಾಡುತ್ತೇನೆ. 25 ಎಕರೆ ವಿಷಯದಲ್ಲಿ ಲೈನ್‌ಮನೆಯವರ ಪರ ಸದನದಲ್ಲಿ ಎದ್ದು ನಿಂತು ಮಾತಾಡಲಿ ಅಂತ ನನಗೆ ತುಂಬ ಆಸೆ.

ಇನ್ನೂ ಇದೆ. 2020ರಲ್ಲಿ ಯಡಿಯೂರಪ್ಪ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿತು. ರೈತರಲ್ಲದವರೂ, ಎಷ್ಟು ಆದಾಯ ಇದ್ದವರೂ ಕೃಷಿ ಭೂಮಿ ಕೊಳ್ಳಬಹುದು ಅಂತ ಆಯಿತು. ಆಗ ಕಾಂಗ್ರೆಸ್ಸಿನವರು ಮಾಡಿದ ಗಲಾಟೆ ನೀನೂ ನೋಡಿದ್ದೀಯ. ದೇವರಾಜ ಅರಸು ಹೆಸರು ಹೇಳಿ ಗಂಟಲು ಹರಿದುಕೊಂಡರು. ಅಧಿಕಾರಕ್ಕೆ ಬಂದು ವರ್ಷಗಳಾದವು, ಆ ತಿದ್ದುಪಡಿ ಹಾಗೇ ಇದೆ. ಇತ್ತ ಗದ್ದೆಗಳು ಒಂದೊಂದಾಗಿ ರೆಸಾರ್ಟ್ ಆಗುತ್ತಿವೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರಿನ ಗುಡ್ಡ ಜರಿದು ಬಂದಿದ್ದನ್ನು ಕಂಡವರು ನಾವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು. ಆದರೂ ಪಶ್ಚಿಮ ಘಟ್ಟ ಉಳಿಸಲು ಬಂದ ಕಸ್ತೂರಿರಂಗನ್ ವರದಿ ಬೇಡ ಅನ್ನುವುದರಲ್ಲಿ ಎರಡೂ ಪಕ್ಷಗಳಿಗೆ ಒಂದೇ ನಾಲಿಗೆ. 2024ರಲ್ಲಿ ವಯನಾಡಿನಲ್ಲಿ ಅಷ್ಟು ಜನ ಮಣ್ಣಾದ ಎರಡೇ ತಿಂಗಳಿಗೆ ನಮ್ಮ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ವರದಿಯಲ್ಲಿ ತಪ್ಪುಗಳಿರಬಹುದು. ಹಳ್ಳಿಯವರನ್ನು ಕೂರಿಸಿಕೊಂಡು ಮಾತಾಡಿ ತಿದ್ದಬೇಕಿತ್ತು. ಯಾರೂ ಕೂರಿಸಲಿಲ್ಲ. ಬಿಜೆಪಿಯವರು ಹೆದರಿಸಿದರು, ಕಾಂಗ್ರೆಸ್ಸಿನವರು ಹೆದರಿದರು. ಕರಡಿಗೋಡು, ಗುಹ್ಯದ ಹೊಳೆದಂಡೆಯ ಜನರಿಗೆ ಮಳೆ ಬಂದಾಗಲೆಲ್ಲ ಮನೆ ಖಾಲಿ ಮಾಡಿ ಅಂತ ನೋಟಿಸ್. ಎಲ್ಲಿಗೆ ಹೋಗಬೇಕು ಅವರು?

ಗ್ಯಾರಂಟಿಗಳ ಬಗ್ಗೆ ನೀನು ಕೇಳಿಯೇ ಕೇಳುತ್ತೀಯ. ಅವು ಒಳ್ಳೆಯವು, ನಾನು ಹಾಗೇ ಹೇಳುವವನು. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ಲೈನ್‌ಮನೆಯ ಹೆಂಗಸು ಮೇಸ್ತ್ರಿ ಹತ್ತಿರ ಕೈಸಾಲ ಕೇಳುವುದಿಲ್ಲ. ಅದನ್ನು ಬಿಟ್ಟಿ ಅಂತ ಹೀಯಾಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಫ್ರೀ ಬಸ್ಸು ಮಾತ್ರ ನಮ್ಮಲ್ಲಿ ಎಲ್ಲರಿಗೂ ಸಿಗುವುದಿಲ್ಲ, ಒಳಗಿನ ಎಷ್ಟೋ ರೂಟಿನಲ್ಲಿ ಓಡುವುದು ಪ್ರೈವೇಟ್ ಬಸ್ಸು. ಅದೂ ಇರಲಿ. ನನ್ನ ತಕರಾರು ದುಡ್ಡು ಎಲ್ಲಿಂದ ತೆಗೆದರು ಅನ್ನುವುದರ ಬಗ್ಗೆ. ಪರಿಶಿಷ್ಟ ಜಾತಿ, ಪಂಗಡದ ಉಪಯೋಜನೆಗೆ ಇಟ್ಟ ಹಣದಲ್ಲಿ 2023-24ರಲ್ಲಿ 11 ಸಾವಿರ ಕೋಟಿ, ಮರುವರ್ಷ 14 ಸಾವಿರ ಕೋಟಿಗೂ ಜಾಸ್ತಿ ಗ್ಯಾರಂಟಿಗೆ ಹೋಯಿತು. ಫಲಾನುಭವಿಗಳಲ್ಲಿ ಅವರೂ ಇದ್ದಾರಲ್ಲ ಅನ್ನುತ್ತಾರೆ. ಎಲ್ಲರಿಗೂ ಕೊಡುವ ಅಕ್ಕಿಯನ್ನು ಆದಿವಾಸಿಯ ಪಾಲಿನ ಲೆಕ್ಕಕ್ಕೆ ಬರೆದರೆ ಹಾಡಿಗೆ ಮನೆ, ರಸ್ತೆ, ನೀರು ಯಾವ ಲೆಕ್ಕದಲ್ಲಿ ಬರಬೇಕು? ಆ ಉಪಯೋಜನೆಗೆ 2013ರಲ್ಲಿ ಕಾಯ್ದೆ ಮಾಡಿದ್ದು ಇದೇ ಸಿದ್ದರಾಮಯ್ಯ. ಅದು ಅವರ ಒಳ್ಳೆಯ ಕೆಲಸಗಳಲ್ಲಿ ಒಂದು. ಅದಕ್ಕೇ ಜಾಸ್ತಿ ನೋವು. ಪರಿಶಿಷ್ಟ ಪಂಗಡದವರಿಗಾಗಿಯೇ ಇರುವ ವಾಲ್ಮೀಕಿ ನಿಗಮದ ಹಣ ಲೂಟಿಯಾಗಿದ್ದಂತೂ ಹೇಳಲು ಬಾಯಿ ಬರುವುದಿಲ್ಲ.

ಜನ ಎಲ್ಲಿ ಹೋಗಿ ಕೇಳಬೇಕು ಅಂದರೆ, ಕೇಳುವ ಬಾಗಿಲೇ ಮುಚ್ಚಿದೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ ಕೊನೆಗೆ ನಡೆದಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಬಿಜೆಪಿ ಸರ್ಕಾರ ಕ್ಷೇತ್ರ ಮರುವಿಂಗಡಣೆ ಅಂತ ಮುಂದೂಡಿತು. ಕಾಂಗ್ರೆಸ್ ಮೀಸಲಾತಿ, ಕೋರ್ಟು ಅಂತ ಮುಂದೂಡಿತು. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಇದ್ದ ನಾಡು ಇದು ಮಾರಾಯ. 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ಮಾಡಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ. ಮೀಸಲು ಸೀಟಿನಿಂದ ಗೆದ್ದ ಒಬ್ಬ ಯರವರ ಹೆಣ್ಣುಮಗಳು ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ಎದ್ದು "ನಮ್ಮ ಪೈಸಾರಿ ಎಲ್ಲಿ?" ಅಂತ ಕೇಳಬಹುದಿತ್ತು. ಈಗ ಆ ಕುರ್ಚಿಗಳ ಅಧಿಕಾರ ಅಧಿಕಾರಿಗಳ ಕೈಯಲ್ಲಿದೆ, ಶಾಸಕರಿಗೂ ಅದೇ ಹಿತ. ಇದರಲ್ಲೂ ಎರಡು ಪಕ್ಷಕ್ಕೆ ಜಗಳ ಇಲ್ಲ ನೋಡು.

"ಹಾಗಾದರೆ ಯಾರಿಗೆ ವೋಟು?" ಅಂತ ನೀನು ಕೇಳುವೆ. ಜೆಡಿಎಸ್ ಬಿಜೆಪಿ ಜೊತೆ ಹೋಗಿ ಕೂತಿದೆ. ನಾನು ಮನೆಯಲ್ಲಿ ಕೂರುವವನಲ್ಲ, ನೋಟಾ ಒತ್ತುವವನೂ ಅಲ್ಲ. ದ್ವೇಷ ಹಂಚುವವರನ್ನು ಸೋಲಿಸಲು ಮುಂದಿನ ಸಲವೂ ಹೋಗಿ ವೋಟು ಹಾಕುತ್ತೇನೆ. ಆದರೆ ವೋಟು ಹಾಕಿದ್ದೇವೆ ಅಂತ ಐದು ವರ್ಷ ಬಾಯಿ ಮುಚ್ಚಿಕೊಂಡಿರಬೇಕು, ಈಗ ಮಾತಾಡಿದರೆ ಬಿಜೆಪಿಗೆ ಲಾಭ ಅಂತ ನಮ್ಮ ಸ್ನೇಹಿತರೇ ಹೇಳುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಹಾಗೆ ಸುಮ್ನೆ ಇದ್ದಿದ್ದರೆ ಬಸವನಹಳ್ಳಿಯಲ್ಲಿ ಇವತ್ತು ಒಂದು ಮನೆಯೂ ಇರುತ್ತಿರಲಿಲ್ಲ.

ನಿನ್ನಿಂದ ಒಂದು ಕೆಲಸ ಆಗಬೇಕು. ನೀನು ಕಂದಾಯ ಕೇಸುಗಳನ್ನು ನೋಡುವವನು. ಆ ಗುತ್ತಿಗೆ ನಿಯಮಗಳನ್ನು ಪೂರ್ತಿ ಓದಿ ನಮಗೊಂದು ಮನವಿ ಬರೆದುಕೊಡು. ಎರಡೇ ಬೇಡಿಕೆ. ಗುತ್ತಿಗೆ ಕೇಳಿದವರ ಹೆಸರು, ಸರ್ವೆ ನಂಬರ್, ಎಕರೆ ಸಮೇತ ಪ್ರತಿ ಗ್ರಾಮ ಪಂಚಾಯಿತಿಯ ಬೋರ್ಡಿಗೆ ಹಾಕಬೇಕು. ಆ ಪಂಚಾಯಿತಿಯ ಲೈನ್‌ಮನೆ ಕುಟುಂಬಗಳಿಗೆ ನಿವೇಶನ, ಸ್ಮಶಾನಕ್ಕೆ ಜಾಗ ಗುರುತಿಸುವ ತನಕ ದೊಡ್ಡ ಒತ್ತುವರಿಯ ಒಂದು ಅರ್ಜಿಯೂ ಮಂಜೂರಾಗಬಾರದು. ಇಬ್ಬರು ಶಾಸಕರಿಗೂ, ಬಿಜೆಪಿಯ ಮಾಜಿ ಶಾಸಕರಿಗೂ ಅದೇ ಕಾಗದ ಕೊಟ್ಟು ಸಹಿ ಕೇಳುತ್ತೇವೆ. ಯಾರು ಹಾಕುತ್ತಾರೆ, ಯಾರು ಹಾಕುವುದಿಲ್ಲ ಅಂತ ಊರೂರಿನಲ್ಲಿ ಹೇಳುತ್ತೇವೆ. ಮುಂದಿನ ಗ್ರಾಮಸಭೆಗೆ ಮೊದಲು ಕಳಿಸು. ಲೈನ್‌ಮನೆಯ ಆ ಅಕ್ಕನ ಕಾಗದದ ಫೋಟೋ ನಿನ್ನ ವಾಟ್ಸಾಪಿಗೆ ಹಾಕಿದ್ದೇನೆ, ಮನವಿಯ ಜೊತೆ ಅದನ್ನೂ ಸೇರಿಸು. ಹೆಸರು, ವಿಳಾಸ ಮಾತ್ರ ಮುಚ್ಚು.

ನಿನ್ನ,
ಸುಂಟಿಕೊಪ್ಪದ ಗೆಳೆಯ