ಕಾಮಗಾರಿಯ ವೇಳಾಪಟ್ಟಿಯಲ್ಲಿ ಮಳೆಗೂ ದಿನಗಳಿರಲಿ

ಮಾನ್ಯರೇ,

ಉಡುಪಿಯ ನಮ್ಮ ಮನೆಯೆದುರಿನ ಮೋರಿಯನ್ನು ಏಪ್ರಿಲ್ ಕೊನೆಗೆ ಅಗೆದು, ಮೇ 31ರೊಳಗೆ ಮುಗಿಸುವುದಾಗಿ ಹೇಳಿದ್ದರು. ಮೇ ಮೂರನೇ ವಾರ ಎರಡು ದಿನ ಸುರಿದ ಮಳೆಗೆ ಹೊಂಡದಲ್ಲಿ ಸೊಂಟದೆತ್ತರ ಕೆಂಪು ನೀರು ನಿಂತು, ಕಟ್ಟಿದ ಕಬ್ಬಿಣವೆಲ್ಲ ಮುಳುಗಿತು. ಶಾಲೆ ಶುರುವಾದಾಗ ಮಕ್ಕಳು ಅಡಿಕೆ ಮರದ ಕಾಲುಸಂಕದ ಮೇಲೆ ದಾಟಬೇಕಾಯಿತು.

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ ಅಡಚಣೆಗೆಂದು ಒಂದು ದಿನವನ್ನೂ ಮೀಸಲಿಡದೆ ವೇಳಾಪಟ್ಟಿ ಬರೆಯುವುದು ಅಕ್ಷಮ್ಯ. 1958ರಲ್ಲಿ ಅಮೆರಿಕದ ನೌಕಾಪಡೆಯ ಪೋಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪುಗೊಂಡ ಪರ್ಟ್ ಎಂಬ ವೇಳಾಪಟ್ಟಿ ವಿಧಾನದಲ್ಲಿ ಪ್ರತಿ ಕೆಲಸಕ್ಕೂ ತಗಲುವ ಸಮಯದ ಮೂರು ಅಂದಾಜುಗಳಿರುತ್ತವೆ. ಎಲ್ಲವೂ ಸುಸೂತ್ರವಾದರೆ 20 ದಿನ, ಸಾಮಾನ್ಯವಾಗಿ 30, ಕೆಟ್ಟರೆ 64 ಎಂದಾದರೆ, ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದಾಗ 34 ದಿನ ಬರುತ್ತದೆ. ಇದೂ ಸರಾಸರಿ ಮಾತ್ರ. ಮೀಸಲು ದಿನಗಳು ಇದರ ಮೇಲೆ ಬೇಕು.

ಆ ದಿನಗಳನ್ನು ಅಗೆತ, ಕಬ್ಬಿಣ, ಕಾಂಕ್ರೀಟ್ ಎಂದು ಒಂದೊಂದರಲ್ಲೂ ಬಚ್ಚಿಟ್ಟರೆ ಅವು ಅಲ್ಲಲ್ಲೇ ಕರಗಿಹೋಗುತ್ತವೆ. ಆದ್ದರಿಂದ ಅವನ್ನು ಒಟ್ಟುಗೂಡಿಸಿ ಕೊನೆಯಲ್ಲಿ ಬಹಿರಂಗವಾಗಿ ತೋರಿಸಿ, ಎಷ್ಟು ಬಳಕೆಯಾಯಿತೆಂದು ವಾರವಾರವೂ ಲೆಕ್ಕವಿಡಬೇಕು. ಮೂರರಲ್ಲೊಂದು ಪಾಲು ಕೆಲಸಕ್ಕೇ ಮೀಸಲಿನ ಅರ್ಧ ಮುಗಿದಿದ್ದರೆ ಎಚ್ಚರಿಕೆ ಆಗಲೇ ಸಿಗುತ್ತದೆ. ಗುತ್ತಿಗೆದಾರರು ಇದನ್ನು ಸೋಮಾರಿತನಕ್ಕೆ ಪರವಾನಗಿಯೆಂದು ತಿಳಿಯಬಾರದು. ಮುಂದಿನ ಟೆಂಡರುಗಳಲ್ಲಿ ಮೀಸಲು ದಿನಗಳನ್ನು ಪ್ರತ್ಯೇಕವಾಗಿ ನಮೂದಿಸಿ, ಕಾಮಗಾರಿಯ ಫಲಕದಲ್ಲೂ ಬರೆಸಬೇಕೆಂದು ಸ್ಥಳೀಯಾಡಳಿತವನ್ನು ವಿನಂತಿಸುತ್ತೇನೆ.

– ಓರ್ವ ನಿವೃತ್ತ ಎಂಜಿನಿಯರ್, ಉಡುಪಿ