ಶಾಲು, ಸ್ಮರಣಿಕೆ ಸಾಕು. ಅಂಗಡಿಗೆ ಜಾಗ ಕೊಡಿಸಿ

ಮಾನ್ಯ ಸಂಪಾದಕರೆ,

ಡಿಸೆಂಬರ್ ಬಂತೆಂದರೆ ನಮ್ಮ ಉಡುಪಿ ಕಡೆಯ ಚರ್ಚುಗಳಲ್ಲಿ ಸೌಹಾರ್ದ ಕ್ರಿಸ್ಮಸ್ ಕೂಟದ ತಯಾರಿ ಶುರುವಾಗುತ್ತದೆ. ದೀಪಾವಳಿಗೆ ನಮ್ಮವರು ದೇವಸ್ಥಾನದ ಸಮಿತಿಗೆ ಸಿಹಿ ಕೊಟ್ಟು ಬರುತ್ತಾರೆ, ಈದ್‌ಗೆ ಮಸೀದಿ ಕಮಿಟಿಗೆ. ಕ್ರಿಸ್ಮಸ್‌ಗೆ ಅವರೆಲ್ಲ ನಮ್ಮಲ್ಲಿಗೆ. ಯಾರ ಮನಸ್ಸೂ ಇದರಲ್ಲಿ ಕೆಟ್ಟದ್ದಲ್ಲ. ಆದರೆ ಈ ಪದ್ಧತಿ ಈಗ ಒಳಗೆ ಹುರುಳಿಲ್ಲದ ಬರೀ ಕಾರ್ಯಕ್ರಮವಾಗಿದೆ. ನಾನು ಶಂಕರಪುರ ಬದಿಯಲ್ಲಿ ಮಲ್ಲಿಗೆ ಬೆಳೆಯುವ ಹೆಂಗಸು. ನಮ್ಮ ಚರ್ಚಿನ ಪಾಲನಾ ಮಂಡಳಿಯಲ್ಲೂ ಇದ್ದವಳು. ಹತ್ತಿರದಿಂದ ನೋಡಿದ್ದನ್ನೇ ಬರೆಯುತ್ತಿದ್ದೇನೆ.

ಕೂಟ ಹೇಗೆ ನಡೆಯುತ್ತದೆ ಗೊತ್ತಲ್ವಾ? ವೇದಿಕೆಯಲ್ಲಿ ಪ್ರತಿವರ್ಷ ಅದೇ ಹತ್ತು ಜನ. ಹಿಂದೆ ಅವರದೇ ಮುಖಗಳ ಫ್ಲೆಕ್ಸ್. ಕೇಕ್ ಕತ್ತರಿಸುವಾಗ ಚರ್ಚು, ದೇವಸ್ಥಾನ, ಮಸೀದಿ ಕಡೆಯ ಮೂವರ ಕೈ ಒಂದೇ ಚಾಕುವಿನ ಮೇಲಿರುತ್ತದೆ. ಫೋಟೋದವನು "ಸರ್, ಇನ್ನೊಂದ್ಸಲ" ಅಂದರೆ ಮತ್ತೊಮ್ಮೆ ಕೈ ಇಡುತ್ತಾರೆ. ಆಮೇಲೆ ಶಾಲು, ಸ್ಮರಣಿಕೆ. "ನಾವೆಲ್ಲ ಒಂದೇ ದೋಣಿಯವರು" ಎಂದು ಮೂವರೂ ಹೇಳುತ್ತಾರೆ. ಕೆಳಗೆ ಕೂತವರಲ್ಲಿ ಮುಕ್ಕಾಲು ಪಾಲು ನಮ್ಮ ವಾಳೆಯವರೇ, ಅಂದರೆ ನಮ್ಮ ಚರ್ಚಿನ ವಾರ್ಡಿನವರೇ. ಅತಿಥಿಗಳ ಕಡೆಯಿಂದ ಒಂದು ಮನೆಯವರೂ, ಒಂದು ಮಗುವೂ ಬಂದಿರುವುದಿಲ್ಲ.

ಹಾಗೆ ಒಂದೇ ವೇದಿಕೆಯಲ್ಲಿ ಕೂತ ಸಮಿತಿಗಳು ಬೇಕಾದ ಹೊತ್ತಿಗೆ ಮಾತಾಡಿದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. 2022ರ ಮಾರ್ಚ್‌ನಲ್ಲಿ ಏನಾಯಿತು ನೆನಪು ಮಾಡಿಕೊಳ್ಳಿ. ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಸಿಗಲಿಲ್ಲ. ಅದೇ ಮಾರಿಗುಡಿಯಲ್ಲಿ ಮುಸ್ಲಿಂ ಕುಟುಂಬವೊಂದು ತಲೆಮಾರುಗಳಿಂದ ನಾಗಸ್ವರ ನುಡಿಸುತ್ತಾ ಬಂದಿದೆ. ಮೂಲ್ಕಿಯ ಬಪ್ಪನಾಡಿನಲ್ಲೂ ಮುಸ್ಲಿಮರು ವ್ಯಾಪಾರಕ್ಕೆ ಬರಬಾರದೆಂದು ಬ್ಯಾನರ್ ಬಿತ್ತು. ಆ ಗುಡಿ ಕಟ್ಟಿಸಿದ್ದೇ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಅನ್ನುವ ಪ್ರತೀತಿ ಇದೆ. ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದ ಸಲ್ಲುವ ಸಂಪ್ರದಾಯ ಇವತ್ತಿಗೂ ಇದೆ. ಗೌರವದ ಪ್ರಸಾದ ಒಂದು ಕಡೆ, ಬೇಡ ಅನ್ನುವ ಬ್ಯಾನರ್ ಇನ್ನೊಂದು ಕಡೆ. ಆಗ ಧಾರ್ಮಿಕ ದತ್ತಿ ಕಾಯ್ದೆಯ 2002ರ ನಿಯಮ ತೋರಿಸಿದರು. ಅದು ದೇವಸ್ಥಾನದ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆನ್ನುವ ವಿಚಾರ. ಸರ್ಕಾರಿ ರಸ್ತೆ ಬದಿಯಲ್ಲಿ ಚುರುಮುರಿ ಗಾಡಿ ಇಟ್ಟವನಿಗೂ ಅದಕ್ಕೂ ಏನು ಸಂಬಂಧ?

ನಮ್ಮ ಹತ್ತಿರದ ಒಂದು ಜಾತ್ರೆಯಲ್ಲಿ ಬಳೆ ಇಡುತ್ತಿದ್ದ ವಯಸ್ಸಾದ ಬ್ಯಾರಿಯೊಬ್ಬರಿದ್ದರು. ನಾವು ಕಾಕ ಅನ್ನುತ್ತಿದ್ದೆವು. "ಬಾಯಮ್ಮ, ಮಗಳ ಕೈ ದೊಡ್ಡದಾಯ್ತಲ್ಲ, ಈ ಸಲ ಎರಡೂಕಾಲು ತಗೊಳ್ಳಿ" ಎಂದು ಅಳತೆ ಅವರೇ ಹೇಳುತ್ತಿದ್ದರು. ಅವರಿಗೂ ಆ ವರ್ಷ ಬರಬೇಡಿ ಅಂದರು. ಮೂರೂ ಕಡೆಯ ಸಮಿತಿಯವರು ಹಿಂದಿನ ಡಿಸೆಂಬರಿನಲ್ಲಷ್ಟೇ ಒಟ್ಟಿಗೆ ಕೇಕ್ ಕತ್ತರಿಸಿದ್ದರು. ಕಾಕನ ಜಾಗದ ಬಗ್ಗೆ ಒಬ್ಬರೂ ಒಬ್ಬರಿಗೊಬ್ಬರು ಫೋನು ಮಾಡಲಿಲ್ಲ. ನನಗೆ ಬೇಸರವಾದದ್ದು ಬ್ಯಾನರ್ ಕಟ್ಟಿದವರ ಮೇಲಿಗಿಂತ ಜಾಸ್ತಿ ಇವರ ಮೇಲೆ.

ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ಈ ಶುಭಾಶಯದ ಪದ್ಧತಿಗೆ ಬೇರು ಇದೆ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಬೇರೆ ಧರ್ಮದವರ ಜತೆ ಮಾತುಕತೆ ನಡೆಸಿ, ಸೇರಿ ಕೆಲಸ ಮಾಡಿ ಎಂದು ಹೇಳಿತು. 1967ರಿಂದ ರಂಜಾನ್‌ಗೆ ವ್ಯಾಟಿಕನ್ನಿನಿಂದ ಶುಭಾಶಯ ಪತ್ರ ಬರುತ್ತಿದೆ. ದೀಪಾವಳಿಗೂ ಬರುತ್ತದೆ. ಮಾತು, ಕೆಲಸ ಎರಡನ್ನೂ ಹೇಳಿದ್ದರು. ನಾವು ಪತ್ರ ಓದುವುದನ್ನಷ್ಟೇ ಉಳಿಸಿಕೊಂಡೆವು.

ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ತೆಗೆದು ನೋಡಿ. ಉದ್ದಕ್ಕೂ ವಂದನೆಗಳೇ. ಆದರೆ ಹೆಚ್ಚಿನವರನ್ನು ಹೆಸರು ಹಿಡಿದು, ಹಲವರು ಏನು ಮಾಡಿದರು ಎಂದೂ ಹೇಳಿ ವಂದಿಸುತ್ತಾರೆ. ಪ್ರಿಸ್ಕ, ಅಕ್ವಿಲ ತನಗಾಗಿ ಪ್ರಾಣವನ್ನೇ ಒಡ್ಡಿದರು, ರೂಫನ ತಾಯಿ ತನಗೂ ತಾಯಿಯಂತೆ ಇದ್ದಳು ಎನ್ನುತ್ತಾರೆ. ಅದಕ್ಕೆ ಮೊದಲಿನ ಅಧ್ಯಾಯದಲ್ಲಿ ಜೆರುಸಲೇಮಿನ ಬಡವರಿಗೆ ಬೇರೆ ಊರಿನ ಸಭೆಗಳು ಕೊಟ್ಟ ಹಣ ಒಯ್ಯುತ್ತಿರುವ ಸುದ್ದಿ ಇದೆ. ನಮ್ಮ ಫ್ಲೆಕ್ಸಿನಲ್ಲಿ ಮಾತ್ರ "ಸಮಸ್ತ ಬಾಂಧವರಿಗೆ" ಎಂದಿರುತ್ತದೆ. ಯಾರು ಆ ಬಾಂಧವರು?

ನಿಜವಾದ ಕೊಡು-ಕೊಳ್ಳುವಿಕೆ ನಮ್ಮೂರಲ್ಲಿ ಸತ್ತಿಲ್ಲ. ಬೆಳಿಗ್ಗೆ ನಾವು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಅಟ್ಟೆ ಲೆಕ್ಕದಲ್ಲಿ ಹೂವಿನ ವ್ಯಾಪಾರದ ಕಟ್ಟೆಗೆ ಹೋಗುತ್ತದೆ. ಅಲ್ಲಿಂದ ಮಾರಿಗುಡಿಯ ಅಮ್ಮನಿಗೆ, ಮದುವೆ ಮನೆಗಳಿಗೆ. ಕಟ್ಟಿದ ಕೈ ಯಾವ ಜಾತಿಯದೆಂದು ಯಾರೂ ಕೇಳುವುದಿಲ್ಲ. ಕ್ರಿಸ್ಮಸ್‌ಗೆ ಕಿಡಿಯೊ, ನೆವ್ರಿ, ಗುಳಿಯೊ ತಿಂಡಿಗಳನ್ನು ತಟ್ಟೆಯಲ್ಲಿಟ್ಟು ಪಕ್ಕದ ಮನೆಗೆ ಕೊಡುತ್ತೇವೆ. ಈಚೆಗೆ ಮಕ್ಕಳು ಅದರ ಬದಲು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸುತ್ತಾರೆ, ಅದೊಂದು ಸಂಕಟ. ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಜಾತ್ರೆಗೆ ಎಲ್ಲ ಧರ್ಮದವರೂ ಮೇಣದಬತ್ತಿ ಹಚ್ಚಲು ಬರುತ್ತಾರೆ. ಅವರನ್ನು ಯಾವ ಸಮಿತಿಯೂ ಶಾಲು ಹೊದಿಸಿ ಕರೆದಿಲ್ಲ.

ಆದ್ದರಿಂದ ಈ ವರ್ಷ ಕೂಟ ಮಾಡುವ ಚರ್ಚು, ದೇವಸ್ಥಾನ, ಮಸೀದಿಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ಫ್ಲೆಕ್ಸ್, ಶಾಲು, ಸ್ಮರಣಿಕೆ ಬಿಟ್ಟುಬಿಡಿ. ಆ ದುಡ್ಡಲ್ಲಿ ಊಟ ಹಾಕಿ, ಮನೆಮಂದಿಯನ್ನೆಲ್ಲ ಕರೆಯಿರಿ. ಜಾತ್ರೆಯ ಅಂಗಡಿ ಏಲಂ ಆಗುವ ಮೊದಲು ನಮ್ಮ ಮಂಡಳಿಯ ಕಾರ್ಯದರ್ಶಿ, ಮಸೀದಿಯ ಕಾರ್ಯದರ್ಶಿ ಇಬ್ಬರೂ ದೇವಸ್ಥಾನದ ಆಡಳಿತದವರ ಹತ್ತಿರ ಹೋಗಿ ಕೂರಲಿ. ಹಿಂದೆ ಅಂಗಡಿ ಇಟ್ಟವರ ಹೆಸರು ಒಂದೊಂದಾಗಿ ಹೇಳಲಿ, ಅವರಿಗೆ ಜಾಗ ಕೇಳಲಿ. ಗುತ್ತಿಗೆಗೆ ಕೊಡಲು ನಿಯಮ ಅಡ್ಡ ಬಂದರೆ ಪಂಚಾಯಿತಿ ಜಾಗದಲ್ಲಿ, ರಸ್ತೆ ಬದಿಯಲ್ಲಿ ಅನುವು ಮಾಡಿಕೊಡಲು ಮೂವರೂ ಸೇರಿ ಅರ್ಜಿ ಕೊಡಲಿ. ಚರ್ಚಿನ ವಾರ್ಷಿಕ ಹಬ್ಬಕ್ಕೆ, ಉರೂಸ್‌ಗೆ ಕೂಡ ಇದೇ ರೀತಿ ಆಗಲಿ. ಕಾಕನ ಜಾಗ ಕೇಳಲು ಮೊದಲು ಹೋಗಬೇಕಾದವರು ನಮ್ಮ ಪಾಲನಾ ಮಂಡಳಿಯವರು.

ಇತಿ,
ಮಲ್ಲಿಗೆ ಬೆಳೆಗಾರ್ತಿ, ಶಂಕರಪುರ ಬದಿ, ಉಡುಪಿ ಜಿಲ್ಲೆ