ಪಾರಾಗಿ ಬಂದವರಿಗೆ ನಾವು ಕೇಳುವ ಪ್ರಶ್ನೆಗಳು

ಮಾನ್ಯ ಸಂಪಾದಕರೇ,

ಲೆನಿ ಅಬ್ರಹಾಮ್‌ಸನ್ ನಿರ್ದೇಶಿಸಿದ 2015ರ ‘ರೂಮ್’ ಚಿತ್ರದ ಮಾತು ಬಂದಾಗಲೆಲ್ಲ ಜನ ನೆನೆಯುವುದು ತಾಯಿ, ಮಗ ಪಾರಾಗುವ ಪ್ರಸಂಗವನ್ನು. ಅಪಹರಣಕ್ಕೊಳಗಾಗಿ ಏಳು ವರ್ಷ ಒಂದು ಶೆಡ್ಡಿನಲ್ಲಿ ಬಂದಿಯಾಗಿದ್ದ ಜಾಯ್, ಅಲ್ಲಿಯೇ ಹುಟ್ಟಿ ಐದು ವರ್ಷ ತುಂಬಿದ ಮಗ ಜ್ಯಾಕ್‌ನನ್ನು ಸತ್ತವನೆಂದು ಅಪಹರಣಕಾರನಿಗೆ ನಂಬಿಸಿ ಜಮಖಾನದಲ್ಲಿ ಸುತ್ತಿ ಹೊರಗೆ ಕಳುಹಿಸುವಾಗ ಉಸಿರು ಬಿಗಿಹಿಡಿಯದವರಿಲ್ಲ. ಆದರೆ ಇದು ಮುಗಿಯುವುದು ಚಿತ್ರದ ನಡುಭಾಗದಲ್ಲಿ. ತಮ್ಮದೇ 2010ರ ಕಾದಂಬರಿಯನ್ನು ಚಿತ್ರಕಥೆಯಾಗಿಸಿದ ಎಮ್ಮಾ ಡೊನೊಹ್ಯೂ, ಉಳಿದ ಅರ್ಧವನ್ನು ಬಿಡುಗಡೆಯ ನಂತರದ ಬದುಕಿಗೇ ಮೀಸಲಿಟ್ಟಿದ್ದಾರೆ. ನನ್ನ ದೃಷ್ಟಿಯಲ್ಲಿ ಚಿತ್ರದ ಸತ್ವ ಇರುವುದೇ ಅಲ್ಲಿ.

ತವರಿಗೆ ಮರಳಿದ ಜಾಯ್‌ಗೆ ಎದುರಾಗುವುದು ಬೇರೆಯಾಗಿರುವ ತಂದೆ ತಾಯಿ, ಮತ್ತು ಊಟದ ಮೇಜಿನಲ್ಲಿ ಎದುರಿಗೇ ಕುಳಿತ ಮೊಮ್ಮಗನ ಮುಖವನ್ನು ನೋಡಲಾಗದೆ ಒದ್ದಾಡುವ ಅಪ್ಪ. ಟಿ.ವಿ. ಸಂದರ್ಶನದಲ್ಲಿ ನಿರೂಪಕಿ ಅತ್ಯಂತ ಮೃದು ದನಿಯಲ್ಲಿಯೇ, ಮಗು ಹುಟ್ಟಿದಾಗ ಅದನ್ನು ಆಸ್ಪತ್ರೆಯ ಬಳಿ ಬಿಟ್ಟು ಬರುವಂತೆ ಆ ದುರುಳನನ್ನು ಕೇಳಬಹುದಿತ್ತಲ್ಲವೇ ಎನ್ನುತ್ತಾಳೆ. ಆ ಶೆಡ್ಡಿನಲ್ಲಿ ಆ ತಾಯಿಯನ್ನು ಉಳಿಸಿದ್ದು ಮಗನ ಮೇಲಿನ ಪ್ರೀತಿ. ಆ ಪ್ರೀತಿಯೇ ತಪ್ಪಾಗಿತ್ತೇನೋ ಎಂಬ ಅನುಮಾನವನ್ನು ಆ ಒಂದು ಪ್ರಶ್ನೆ ಬಿತ್ತಿಬಿಡುತ್ತದೆ. ಇದಾದ ಮೇಲೆ ಅವಳು ಸಾಯಲು ಹೊರಡುತ್ತಾಳೆ. ಈ ಪಾತ್ರಕ್ಕೆ ಬ್ರೀ ಲಾರ್ಸನ್ ಅವರಿಗೆ ಆಸ್ಕರ್ ಸಂದಿತು; ಜ್ಯಾಕ್‌ನ ಪಾತ್ರ ವಹಿಸಿದ ಬಾಲಕ ಜೇಕಬ್ ಟ್ರೆಂಬ್ಲೆಯ ಅಭಿನಯವೂ ಅಷ್ಟೇ ಎತ್ತರದ್ದು. ಆಸ್ಪತ್ರೆಯಲ್ಲಿರುವ ಅಮ್ಮನಿಗೆ ತನ್ನ ಬಲ ಸಿಗಲಿ ಎಂದು, ಎಂದೂ ಕತ್ತರಿಸದ ತನ್ನ ಉದ್ದ ಕೂದಲನ್ನು ಜ್ಯಾಕ್ ಅಜ್ಜಿಯ ಕೈಯಲ್ಲಿ ಕತ್ತರಿಸಿಕೊಂಡು ಕಳುಹಿಸಿಕೊಡುವ ದೃಶ್ಯವನ್ನು ಕಣ್ಣು ತುಂಬದೆ ನೋಡುವುದು ಕಷ್ಟ.

ಈ ಚಿತ್ರವನ್ನು ಸುದ್ದಿಮನೆಯವರು ವಿಶೇಷವಾಗಿ ನೋಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮತ್ತು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಶಾಲೆಯ ವಿವರಗಳನ್ನು ಪ್ರಕಟಿಸದಂತೆ ತಡೆಯುತ್ತವೆ. ಆದರೆ ಮುಖ ಮಸುಕಾಗಿಸಿದ ಮಾತ್ರಕ್ಕೆ, ಆಗಷ್ಟೇ ಪಾರಾಗಿ ಬಂದ ಹೆಣ್ಣುಮಗಳ ಮುಂದೆ ಮೈಕು ಹಿಡಿದು ‘ಮೊದಲೇ ಏಕೆ ಓಡಿ ಬರಲಿಲ್ಲ?’ ಎಂದು ಕೇಳುವ ಹಕ್ಕು ಯಾರಿಗೂ ದೊರೆಯುವುದಿಲ್ಲ. ಅವಳ ಎದುರು ಆ ಪ್ರಶ್ನೆ ಇಡುವುದೆಂದರೆ ಅಪರಾಧಿಯ ಹೊಣೆಯನ್ನು ಅವಳ ಹೆಗಲಿಗೆ ದಾಟಿಸಿದಂತೆ.

ರಕ್ಷಣೆಯ ದಿನ ಮುಖಪುಟ ಸೇರುವ ಇಂಥ ಸುದ್ದಿಗಳನ್ನು ತಮ್ಮ ಪತ್ರಿಕೆ ಆರು ತಿಂಗಳ ನಂತರವೂ ಹಿಂಬಾಲಿಸಲಿ. ಸಂತ್ರಸ್ತರ ಪರಿಹಾರದ ಹಣ ಕೈಸೇರಿತೇ, ಮಗುವಿಗೆ ಶಾಲೆಯಲ್ಲಿ ಪ್ರವೇಶ ಸಿಕ್ಕಿತೇ, ಆಪ್ತಸಮಾಲೋಚನೆ ಎರಡನೇ ಭೇಟಿಗೇ ನಿಂತುಹೋಯಿತೇ ಎಂದು ಸಂಬಂಧಪಟ್ಟ ಇಲಾಖೆಗಳನ್ನು ಕೇಳಲಿ. ಈ ವರದಿಗಳಿಗೆ ಯಾರ ಹೆಸರೂ, ಯಾರ ಭಾವಚಿತ್ರವೂ ಬೇಕಾಗುವುದಿಲ್ಲ.

ಇತಿ,
ತಮ್ಮ ಓದುಗ, ಶಿವಮೊಗ್ಗ